ಇಲಿಯ ಉಚ್ಚೆ ಅಳೆದವಳ ನಾಲ್ಕು ಮಾತು

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಎಚ್ಚರವಾಗಿರುವ ಇಲಿಗಳ ಮೂತ್ರಕೋಶ ಹೇಗೆ ಕೆಲಸ ಮಾಡುತ್ತದೆ ಅಂತ ವಿಜ್ಞಾನಿಗಳು ಅಳೆಯುತ್ತಾರಂತೆ, ಅದಕ್ಕೆ ಜನರ ತೆರಿಗೆ ದುಡ್ಡಂತೆ. 'ಬೆಟ್ಟ ಅಗೆದು ಇಲಿ ಹಿಡಿದರು ಅನ್ನುವ ಗಾದೆ ಕೇಳಿದ್ದೆವು. ಈಗ ಹಿಡಿದ ಇಲಿಯ ಉಚ್ಚೆಯನ್ನೂ ಅಳೆಯುವ ಕಾಲ ಬಂತು' ಅಂತ ಮುಗಿಸಿದ್ದರು. ಓದಿ ನನಗೂ ನಗು ಬಂತು. ಎದುರಿಗೆ ಕೂತಿದ್ದ ನಮ್ಮ ಯಜಮಾನರು ಇನ್ನೂ ಜೋರಾಗಿ ನಕ್ಕರು. ಆಮೇಲೆ ನನ್ನ ಮುಖ ನೋಡಿ ಪೇಪರ್ ಮಡಿಸಿಟ್ಟು ಕಣದ ಕಡೆ ಹೊರಟುಬಿಟ್ಟರು. ಯಾಕೆಂದರೆ ಆ ಉಚ್ಚೆ ಅಳೆದವಳು ನಾನೇ.

ನಾನು ಶನಿವಾರಸಂತೆ ಕಡೆಯವಳು. ಪಿಯುಸಿ ಮುಗಿಸಿ 1989ರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಅನಿಮಲ್ ಹೌಸಿಗೆ, ಅಂದರೆ ಪ್ರಯೋಗದ ಪ್ರಾಣಿಗಳನ್ನು ಸಾಕುವ ವಿಭಾಗಕ್ಕೆ, ಸಹಾಯಕಿಯಾಗಿ ಸೇರಿದೆ. 2019ರಲ್ಲಿ ರಿಟೈರ್ ಆದೆ. ಊರಿಗೆ ಬಂದಾಗ ಯಾರಾದರೂ ಏನು ಕೆಲಸ ಅಂತ ಕೇಳಿದರೆ 'ಲ್ಯಾಬಲ್ಲಿ' ಅನ್ನುತ್ತಿದ್ದೆ, ಅಷ್ಟೇ. ರಕ್ತ ಪರೀಕ್ಷೆ ಮಾಡುವವಳು ಅಂತ ತಿಳಿದು ನಮ್ಮ ಭಾವ ಒಮ್ಮೆ ತಮ್ಮ ಶುಗರ್ ರಿಪೋರ್ಟ್ ತಂದು ತೋರಿಸಿದ್ದರು. ಮೂವತ್ತು ವರ್ಷದಲ್ಲಿ ಕೊನೆಯ ಹನ್ನೊಂದು ವರ್ಷ ನಾನಿದ್ದದ್ದು ಮೂತ್ರಕೋಶದ ಕೆಲಸ ನಡೆಯುವ ಕೋಣೆಯಲ್ಲಿ. ಈಗ ನಾಲ್ಕು ಎಕರೆ ರೋಬಸ್ಟಾ, ಅದರ ನೆರಳು ಮರಗಳಿಗೆ ಹಬ್ಬಿಸಿದ ಒಂದಿಷ್ಟು ಮೆಣಸು, ಇಬ್ಬರೇ ಮನೆಯಲ್ಲಿ.

ಮೊದಲು ಒಂದು ಸಣ್ಣ ತಿದ್ದುಪಡಿ. ಇಲಿ ಉಚ್ಚೆಯಿಂದ ಇಲಿಜ್ವರ ಬರುತ್ತದೆ, ಅದನ್ನು ಬಿಟ್ಟು ಇದೇನು ಅಳತೆ ಅಂತ ಆ ಪತ್ರದಲ್ಲಿತ್ತು. ಇಲಿಜ್ವರದ ರೋಗಾಣು ಇರುವುದು ಹೊರಗಿನ ಇಲಿ ಹೆಗ್ಗಣಗಳ ಮೂತ್ರಪಿಂಡದಲ್ಲಿ. ಅವು ಗದ್ದೆ ನೀರಿಗೆ ಉಚ್ಚೆ ಹೊಯ್ದು, ಕಾಲಿನಲ್ಲಿ ಗಾಯ ಇರುವವರು ಆ ಕೆಸರಿಗೆ ಇಳಿದರೆ ರೋಗಾಣು ಒಳಗೆ ಹೋಗುತ್ತದೆ. ನಮ್ಮ ಕಡೆ ನಾಟಿ ಮಾಡುವವರಿಗೆ ಇದು ಗೊತ್ತಿರುವ ಮಾತೇ. ಲ್ಯಾಬ್ ಇಲಿಗಳು ಆ ಪೈಕಿ ಅಲ್ಲ. ಅವು ತಲೆತಲಾಂತರದಿಂದ ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದವು. ನಾವು ಗೌನು, ಗ್ಲೌಸು, ಟೋಪಿ ಹಾಕಿಕೊಂಡು ಒಳಗೆ ಹೋಗುತ್ತಿದ್ದದ್ದು ನಮ್ಮಿಂದ ಅವಕ್ಕೆ ರೋಗ ತಗುಲದಿರಲಿ ಅಂತಲೂ ಹೌದು. ಅಂದಹಾಗೆ, ಲ್ಯಾಬ್ ಇಲಿ ಅಂದರೆ ಬಿಳಿ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಕೋಣೆಯಲ್ಲಿ ಜಾಸ್ತಿ ಇದ್ದದ್ದು ಕಪ್ಪು. ಸಿ57 ಬ್ಲ್ಯಾಕ್ 6 ಅಂತ ತಳಿಯ ಹೆಸರು. ಬೆಳೆದ ಇಲಿ 25 ಗ್ರಾಂ ತೂಗುತ್ತಿತ್ತು.

ಆ 25 ಗ್ರಾಂ ಪ್ರಾಣಿಯ ಮೂತ್ರಕೋಶ ಎಷ್ಟು ದೊಡ್ಡದಿರಬಹುದು? ತುಂಬಿದರೆ ಒಂದು ಬಟಾಣಿ ಕಾಳು. ಸುಮಾರು 0.1ರಿಂದ 0.2 ಮಿಲಿಲೀಟರ್ ಹಿಡಿಯುತ್ತದೆ. ನಮ್ಮದು 400ರಿಂದ 500 ಮಿಲಿಲೀಟರ್. ಇಡೀ ದಿನಕ್ಕೆ ಒಂದು ಇಲಿ ಹೊಯ್ಯುವುದು ಒಂದೆರಡು ಮಿಲಿಲೀಟರ್. ಬಟಾಣಿಯಷ್ಟು ದೊಡ್ಡ ಚೀಲದಲ್ಲಿ ಒತ್ತಡ ಎಷ್ಟಿದೆ, ಯಾವಾಗ ಏರುತ್ತದೆ, ಹೊಯ್ದ ಮೇಲೆ ಎಷ್ಟು ಉಳಿಯುತ್ತದೆ, ಇದನ್ನೆಲ್ಲ ನೋಡಬೇಕು. ಅದೂ ಇಲಿ ಓಡಾಡಿಕೊಂಡು, ಮೀಸೆ ತಿಕ್ಕಿಕೊಂಡು ಇರುವಾಗ.

ಪತ್ರ ಬರೆದವರಿಗೆ ನಗು ತರಿಸಿದ್ದು ಈ 'ಎಚ್ಚರವಾಗಿರುವ' ಅನ್ನುವ ಮಾತೇ ಇರಬೇಕು. ಮಲಗಿಸಿ ಅಳೆದರೆ ಆಗುವುದಿಲ್ಲವೇ, ಸುಲಭ ಅಲ್ವಾ ಅಂತ. ನಾನೂ ಮೊದಲ ದಿನ ನಮ್ಮ ಮೇಡಂಗೆ ಇದನ್ನೇ ಕೇಳಿದ್ದೆ. ಅವರು ನನ್ನನ್ನು ಕೂರಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ.

ಮೂತ್ರಕೋಶ ತುಂಬುವಾಗ ಸುಮ್ಮನೆ ಹಿಗ್ಗುತ್ತಾ ಹೋಗುತ್ತದೆ, ಒಳಗಿನ ಒತ್ತಡ ಹೆಚ್ಚೇನೂ ಏರುವುದಿಲ್ಲ. ಎಷ್ಟು ಹಿಗ್ಗಿದೆ ಅನ್ನುವ ಸುದ್ದಿ ನರಗಳಲ್ಲಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿನ ಬುಡಕ್ಕೆ ಹೋಗುತ್ತಲೇ ಇರುತ್ತದೆ. ಮಿದುಳಿನ ಬುಡದಲ್ಲಿ ಒಂದು ಸಣ್ಣ ಜಾಗ ಇದೆ. ಬ್ಯಾರಿಂಗ್ಟನ್ ಅನ್ನುವ ಇಂಗ್ಲಿಷ್ ವೈದ್ಯರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ 1925ರಲ್ಲಿ ಅದನ್ನು ತೋರಿಸಿದರು. ಈಗಲೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಅಲ್ಲಿಂದ 'ಈಗ' ಅಂತ ಅಪ್ಪಣೆ ಬಂದರೆ ಚೀಲ ಹಿಂಡಿಕೊಳ್ಳುತ್ತದೆ, ಬಾಯಿ ಸಡಿಲವಾಗುತ್ತದೆ. ಎರಡೂ ಒಟ್ಟಿಗೆ ಆಗಬೇಕು. ಬಾಯಿ ಬಿಗಿಯಾಗಿದ್ದು ಚೀಲ ಹಿಂಡಿದರೂ ಕಷ್ಟ, ಚೀಲ ಸುಮ್ಮನಿದ್ದು ಬಾಯಿ ಸಡಿಲಾದರೂ ಕಷ್ಟ. ಇನ್ನು 'ಈಗ ಬೇಡ, ನೆಂಟರು ಕೂತಿದ್ದಾರೆ' ಅಂತ ತಡೆಯುವುದು ಅದಕ್ಕಿಂತ ಮೇಲಿನ ಮಿದುಳು.

ಅರಿವಳಿಕೆ ಕೊಟ್ಟರೆ ಈ ಸರಪಳಿಯೇ ಮಂಕಾಗುತ್ತದೆ. ಆಪರೇಷನ್ನಿಗೆ ಕೊಡುವ ಐಸೋಫ್ಲೂರೇನ್, ಕೀಟಮಿನ್ ಇವುಗಳಲ್ಲಿ ಇಲಿ ಸರಿಯಾಗಿ ಹೊಯ್ಯುವುದೇ ಇಲ್ಲ. ಚೀಲ ತುಂಬಿ ಸುಮ್ಮನೆ ಸೋರುತ್ತದೆ. ಯುರಿಥೇನ್ ಅಂತ ಒಂದಿದೆ, ಅದರಲ್ಲಿ ಹೊಯ್ಯುವ ಸರಪಳಿ ಬಹಳಷ್ಟು ಉಳಿಯುತ್ತದೆ, ಅದಕ್ಕೇ ಹಳಬರು ಅದನ್ನೇ ಬಳಸುತ್ತಿದ್ದರು. ಆದರೆ ಅದು ಕ್ಯಾನ್ಸರ್ ತರುವ ವಸ್ತು. ಅದನ್ನು ಕೊಟ್ಟ ಇಲಿಯನ್ನು ಮತ್ತೆ ಎಬ್ಬಿಸುವುದಿಲ್ಲ. ಮೇಲಾಗಿ ಮೇಲಿನ ಮಿದುಳಿನ 'ಈಗ ಬೇಡ' ಅನ್ನುವ ಭಾಗ ಹೇಗೂ ಮಲಗಿರುತ್ತದೆ. ನಮಗೆ ಕಾಯಿಲೆ ಬರುವುದು ಎಚ್ಚರವಾಗಿರುವಾಗ, ಬಸ್ಸಿನಲ್ಲಿ ಕೂತಾಗ, ರಾತ್ರಿ ಮೂರು ಸಲ ಏಳುವಾಗ. ಮಲಗಿಸಿದ ಇಲಿಯಿಂದ ಅದು ಹೇಗೆ ಗೊತ್ತಾಗಬೇಕು?

ಹಾಗಾಗಿ ಕೆಲಸ ಹೀಗೆ ನಡೆಯುತ್ತಿತ್ತು. ಅರಿವಳಿಕೆ ಕೊಟ್ಟು ಹೊಟ್ಟೆಯಲ್ಲಿ ಸಣ್ಣ ಗಾಯ ಮಾಡಿ, ಮೂತ್ರಕೋಶದ ನೆತ್ತಿಗೆ ಒಂದು ಪ್ಲಾಸ್ಟಿಕ್ ಕೊಳವೆ ಕೂರಿಸುತ್ತಾರೆ. ಪಿಇ-10 ಅಂತ ಅದರ ಹೆಸರು, ಹೊರಗಿನ ಅಗಲ 0.61 ಮಿಲಿಮೀಟರ್. ತುದಿಯನ್ನು ಬಿಸಿಗೆ ಹಿಡಿದರೆ ಚಿಕ್ಕ ಕೊರಳಪಟ್ಟಿ ಹಾಗೆ ಅರಳುತ್ತದೆ. ಆಗ ಅದು ಜಾರಿ ಹೊರಗೆ ಬರುವುದಿಲ್ಲ. ಆ ಪಟ್ಟಿ ಮಾಡುವುದು ನನ್ನ ಕೆಲಸ. ಒಂದು ಚೂರು ಜಾಸ್ತಿ ಬಿಸಿಯಾದರೆ ತೂತೇ ಮುಚ್ಚಿಹೋಗುತ್ತದೆ. ಮೊದಲ ತಿಂಗಳು ನಾನು ಹಾಳು ಮಾಡಿದ ಕೊಳವೆ ಸೇರಿಸಿದರೆ ನಮ್ಮ ತೋಟದ ಸ್ಪ್ರಿಂಕ್ಲರ್ ಪೈಪಿನಷ್ಟು ಉದ್ದ ಆಗುತ್ತಿತ್ತೋ ಏನೋ. ಕೊಳವೆಯ ಇನ್ನೊಂದು ತುದಿಯನ್ನು ಚರ್ಮದ ಕೆಳಗೇ ತಂದು ಕತ್ತಿನ ಹಿಂದೆ ಹೊರಗೆ ತೆಗೆಯುತ್ತಾರೆ. ಯಾಕೆ ಅಲ್ಲಿಗೆ ಅಂದರೆ ಇಲಿಯ ಬಾಯಿಗೆ ಎಟುಕದ ಜಾಗ ಅದೊಂದೇ. ಬೇರೆ ಇಲಿಗೆ ಎಟುಕುತ್ತದೆ, ಕಡಿದು ಹಾಕುತ್ತದೆ. ಅದಕ್ಕೆ ಆಪರೇಷನ್ ಆದದ್ದನ್ನು ಒಂಟಿಯಾಗಿ ಇಡಬೇಕು. ನೋವಿನ ಇಂಜೆಕ್ಷನ್ ಕೊಟ್ಟು, ತೂಕ ನೋಡುತ್ತಾ, ಕೆಲವು ದಿನ ಸುಧಾರಿಸಿಕೊಳ್ಳಲು ಬಿಡುತ್ತಿದ್ದೆವು. ಗಾಯದಿಂದ ಊದಿಕೊಂಡ ಚೀಲ ಮೊದಲ ದಿನಗಳಲ್ಲಿ ಸುಳ್ಳು ಹೇಳುತ್ತದೆ. ಸ್ವಲ್ಪ ತುಂಬಿದರೂ ಹೊಯ್ದುಬಿಡುತ್ತದೆ.

ಆಮೇಲೆ ಅಳತೆಯ ದಿನ. ಕೊಳವೆಯನ್ನು ಒಂದು ಕಡೆ ಸಿರಿಂಜ್ ಪಂಪಿಗೆ, ಇನ್ನೊಂದು ಕಡೆ ಒತ್ತಡ ಅಳೆಯುವ ಯಂತ್ರಕ್ಕೆ ಸೇರಿಸುತ್ತಾರೆ. ಪಂಪು ನಿಮಿಷಕ್ಕೆ 0.01ರಿಂದ 0.03 ಮಿಲಿಲೀಟರ್ ಉಪ್ಪುನೀರು ಒಳಗೆ ಬಿಡುತ್ತದೆ. ಇಲಿ ಒಂದು ಗಾಜಿನಂಥ ಡಬ್ಬಿಯಲ್ಲಿ, ಕೆಳಗೆ ಜಾಲರಿ, ಅದರ ಕೆಳಗೆ ತಕ್ಕಡಿ. ಕಂಪ್ಯೂಟರಿನಲ್ಲಿ ಗೆರೆ ಓಡುತ್ತದೆ. ಮಟ್ಟಸವಾಗಿ ಹೋಗಿ ಹೋಗಿ, ಸ್ವಲ್ಪ ಏರಿ, ಇದ್ದಕ್ಕಿದ್ದಂತೆ ಬೆಟ್ಟದ ಹಾಗೆ ಎದ್ದು, ಕೆಳಗೆ ಹನಿ ಬಿದ್ದು, ಮತ್ತೆ ಮಟ್ಟಸ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು, ಬೆಟ್ಟ ಎಷ್ಟು ಎತ್ತರ, ಹನಿ ಎಷ್ಟು ತೂಕ. ನೋಡುವುದು ಇಷ್ಟನ್ನೇ. ಎತ್ತರವನ್ನು ನೀರಿನ ಸೆಂಟಿಮೀಟರಿನಲ್ಲಿ ಹೇಳುತ್ತಾರೆ. ಒಂದು ಕೊಳವೆಯಲ್ಲಿ ನೀರನ್ನು ಎಷ್ಟು ಮೇಲಕ್ಕೆ ತಳ್ಳಬಲ್ಲದು ಅಂತ. ಗುಡ್ಡದ ಮೇಲಿನ ಟ್ಯಾಂಕಿನಿಂದ ಮನೆಗೆ ನೀರು ತಂದುಕೊಂಡ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲೂ ಮೋಸ ಇದೆ. ಇಲಿ ಎದ್ದು ನಿಂತರೂ ಗೆರೆ ಏರುತ್ತದೆ, ಮೈ ನೆಕ್ಕಿಕೊಂಡರೂ ಏರುತ್ತದೆ. ಹೊಟ್ಟೆ ಒತ್ತಿದರೆ ಚೀಲದ ಒತ್ತಡವೂ ಏರುತ್ತದಲ್ಲ. ಅದಕ್ಕೆ ಒಬ್ಬರು ಕೂತು ಇಲಿಯನ್ನೇ ನೋಡುತ್ತಾ ಬರೆಯಬೇಕು. 10.42, ಎದ್ದು ನಿಂತಿತು. 10.44, ಹೊಯ್ದಿತು. ಆ ಒಬ್ಬರು ನಾನು. ಇನ್ನೊಂದು ಮೋಸ ಲೆಕ್ಕದ್ದು. ನಿಮಿಷಕ್ಕೆ 0.02 ಅಂದರೆ ಗಂಟೆಗೆ 1.2 ಮಿಲಿಲೀಟರ್. ಅದು ಇಡೀ ದಿನ ಹೊಯ್ಯಬೇಕಾದದ್ದನ್ನು ಒಂದು ಗಂಟೆಯಲ್ಲಿ ತುಂಬಿದ ಹಾಗೆ. ಯಾವ ಇಲಿಯ ಮೂತ್ರಪಿಂಡವೂ ಹಾಗೆ ತುಂಬುವುದಿಲ್ಲ. ನಾನು ಇದನ್ನು ಒಂದು ದಿನ ಕಾಗದದ ಮೇಲೆ ಲೆಕ್ಕ ಹಾಕಿ ಮೇಡಂಗೆ ತೋರಿಸಿದೆ. ಅವರು 'ಗೊತ್ತು, ಅದಕ್ಕೇ ಪೇಪರ್ ಪರೀಕ್ಷೆಯನ್ನೂ ಮಾಡುವುದು' ಅಂದರು.

ಈ ಪೇಪರ್ ಪರೀಕ್ಷೆ ನನ್ನ ಪ್ರೀತಿಯ ಕೆಲಸ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಕೊಳವೆ ಇಲ್ಲ. ಪೆಟ್ಟಿಗೆಯ ತಳಕ್ಕೆ ದಪ್ಪ ಫಿಲ್ಟರ್ ಪೇಪರ್ ಹಾಸಿ, ಇಲಿಯನ್ನು ನಾಲ್ಕು ಗಂಟೆ ಅದರ ಪಾಡಿಗೆ ಬಿಡುವುದು. ನೀರಿನ ಬಾಟ್ಲಿ ತೆಗೆದಿಡಬೇಕು, ಅದು ತೊಟ್ಟಿಕ್ಕಿದರೆ ಕಲೆ ಹರಡಿ ಲೆಕ್ಕ ಕೆಡುತ್ತದೆ. ಆಮೇಲೆ ಪೇಪರ್ ಒಣಗಿಸಿ ಕತ್ತಲೆ ಕೋಣೆಯಲ್ಲಿ ಯುವಿ (ನೇರಳಾತೀತ) ಲೈಟಿನ ಕೆಳಗೆ ಇಟ್ಟರೆ ಉಚ್ಚೆಯ ಕಲೆಗಳು ನೀಲಿ ಬಿಳುಪಾಗಿ ಹೊಳೆಯುತ್ತವೆ. ಗೊತ್ತಿರುವ ಅಳತೆಯ ಹನಿಗಳನ್ನು ಅದೇ ಥರದ ಪೇಪರಿಗೆ ಬಿಟ್ಟು, ಇಷ್ಟು ಹನಿಗೆ ಇಷ್ಟು ಅಗಲ ಅಂತ ಮೊದಲೇ ಪಟ್ಟಿ ಮಾಡಿರುತ್ತೇವೆ. ಕಲೆಯ ಅಗಲದಿಂದ ಎಷ್ಟು ಹೊಯ್ದಿದೆ ಅಂತ ಹೇಳಬಹುದು. ಕಲೆಯ ಮೇಲೆ ಕಲೆ ಬಿದ್ದರೆ, ಪೇಪರನ್ನೇ ಕಡಿದು ಗೂಡು ಮಾಡಿಕೊಂಡರೆ ಅವತ್ತಿನ ಕೆಲಸ ಹೋಯಿತು. ಕೆಲವು ಇಲಿಗಳಿಗೆ ಕಡಿಯುವುದೇ ಚಾಳಿ. ನೆಮ್ಮದಿಯಾಗಿರುವ ಇಲಿ ಸಾಮಾನ್ಯವಾಗಿ ಒಂದು ಮೂಲೆ ಹಿಡಿದು ಅಲ್ಲೇ ಹೊಯ್ಯುತ್ತದೆ. ಪೇಪರಿನ ಒಂದು ಮೂಲೆಯಲ್ಲಿ ದೊಡ್ಡ ಕಲೆ, ಉಳಿದದ್ದು ಹೆಚ್ಚುಕಡಿಮೆ ಖಾಲಿ.

1973ರಲ್ಲೇ ಅಮೆರಿಕದ ಮೂವರು 'ಸೈನ್ಸ್' ಪತ್ರಿಕೆಯಲ್ಲಿ ಇದರ ಒಂದು ಸ್ವಾರಸ್ಯ ಬರೆದಿದ್ದಾರೆ. ಗಂಡಿಲಿಗಳಲ್ಲಿ ಯಾವುದು ಯಜಮಾನ ಆಗುತ್ತದೋ ಅದು ಇಡೀ ನೆಲದ ತುಂಬ ಚುಕ್ಕಿ ಚುಕ್ಕಿಯಾಗಿ ಹೊಯ್ದು ಗುರುತು ಹಾಕುತ್ತದೆ. ಸೋತದ್ದು ಮೂಲೆಯಲ್ಲಿ ಎರಡು ನಾಲ್ಕು ಕಡೆ ಹೊಯ್ದು ಸುಮ್ಮನಾಗುತ್ತದೆ. ಯುವಿ ಲೈಟಿನಲ್ಲಿ ನೋಡಿದರೆ ಯಾರು ಗೆದ್ದರು ಅಂತ ಕೇಳುವುದೇ ಬೇಡ. ಪಂಚಾಯ್ತಿ ಚುನಾವಣೆ ಮುಗಿದ ಮೇಲೆ ನಮ್ಮೂರ ಗೋಡೆಗಳನ್ನು ನೋಡಿದಾಗಲೆಲ್ಲ ನನಗೆ ಆ ಪೇಪರು ನೆನಪಾಗುತ್ತದೆ. ಇರಲಿ. ನನ್ನ ಮನಸ್ಸಿಗೆ ತಾಗಿದ್ದು ಆಮೇಲೆ ಓದಿದ ಸಂಗತಿ. ದಿನಾ ದೊಡ್ಡ ಇಲಿಯಿಂದ ಹೊಡೆಸಿಕೊಳ್ಳುವ ಇಲಿ ಉಚ್ಚೆ ಕಟ್ಟಿಕೊಳ್ಳಲು ಶುರು ಮಾಡುತ್ತದೆ. ವಾರಗಟ್ಟಲೆ ಹೀಗಾದರೆ ಮೂತ್ರಕೋಶವೇ ದೊಡ್ಡದಾಗಿ ಅದರ ಗೋಡೆ ಬದಲಾಗುತ್ತದೆ. ಮೂತ್ರಕೋಶಕ್ಕೆ ಕಾಯಿಲೆ ಇಲ್ಲ, ಪೆಟ್ಟು ಬಿದ್ದಿಲ್ಲ, ಬರೀ ಹೆದರಿಕೆ.

ಹೆದರಿಕೆಯ ವಿಷಯ ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಇಲಿಯನ್ನು ಬಾಲ ಹಿಡಿದು ಎತ್ತಿದರೆ ಅದು ಕೈಯಲ್ಲೇ ಹೊಯ್ದುಬಿಡುತ್ತದೆ. ಅಲ್ಲಿಗೆ ಚೀಲ ಖಾಲಿ, ಅಳತೆ ಖೋತಾ. ಬೊಗಸೆಯಲ್ಲೋ ಸಣ್ಣ ಕೊಳವೆಯಲ್ಲೋ ತೆಗೆದುಕೊಂಡರೆ ಅಷ್ಟು ಗಾಬರಿಯಾಗುವುದಿಲ್ಲ ಅಂತ 2010ರಲ್ಲಿ ಇಂಗ್ಲೆಂಡಿನವರು ಸಾಧಿಸಿ ತೋರಿಸಿದರು. ಅದಕ್ಕೂ ಎರಡು ವರ್ಷ ಮೊದಲಿನಿಂದ ನಾನು ಬೊಗಸೆಯಲ್ಲೇ ಎತ್ತುತ್ತಿದ್ದೆ. ಕೋಳಿಮರಿ ಎತ್ತಿ ಅಭ್ಯಾಸ ಇತ್ತು, ಅಷ್ಟೇ. 2014ರಲ್ಲಿ ಕೆನಡಾದಿಂದ ಇನ್ನೊಂದು ಸುದ್ದಿ ಬಂತು. ಗಂಡಸರು ಕೋಣೆಯಲ್ಲಿದ್ದರೆ, ಅಷ್ಟೇಕೆ, ಗಂಡಸು ಹಾಕಿ ಬಿಚ್ಚಿದ ಟೀ ಶರ್ಟ್ ಹತ್ತಿರ ಇಟ್ಟರೂ, ಇಲಿಗಳಿಗೆ ಮನಸ್ಸಿನ ಒತ್ತಡ ಏರುತ್ತದಂತೆ. ಹೆಂಗಸರ ವಾಸನೆಗೆ ಹಾಗಾಗುವುದಿಲ್ಲವಂತೆ. ಅವತ್ತಿನಿಂದ ನಮ್ಮ ಕೋಣೆಯ ಹುಡುಗರು ಅಳತೆಯ ದಿನ ಹೊರಗೆ. ಮೂವತ್ತು ವರ್ಷದ ನೌಕರಿಯಲ್ಲಿ ಹೆಂಗಸು ಅನ್ನುವ ಕಾರಣಕ್ಕೆ ನನಗೆ ಸಿಕ್ಕ ಬಡ್ತಿ ಅದೊಂದೇ.

ಅಳತೆ ನಡೆಯುವಾಗ ಬಾಗಿಲಿಗೆ ನಾನೇ ಒಂದು ಚೀಟಿ ಅಂಟಿಸುತ್ತಿದ್ದೆ. 'ಒಳಗೆ ಇಲಿ ಇದೆ. ಸದ್ದು ಮಾಡಬೇಡಿ.' ಹೊಸಬರು ಓದಿ ನಗುತ್ತಿದ್ದರು.

ಈಗ ನನ್ನ ಕಥೆ. ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ. 2022ರ ಮಳೆಗಾಲದಲ್ಲಿ ನನಗೆ ಪದೇ ಪದೇ ಒಂದಕ್ಕೆ ಹೋಗುವ ಹಾಗಾಯಿತು. ಚಳಿಗೆ ಎಲ್ಲರಿಗೂ ಜಾಸ್ತಿಯೇ. ಜುಲೈ ತಿಂಗಳಲ್ಲಿ ನಮ್ಮೂರಿನಲ್ಲಿ ರಾತ್ರಿ ಏಳದವರು ಯಾರಿದ್ದಾರೆ? ಆದರೆ ಮಳೆ ಬಿಟ್ಟ ಮೇಲೂ ನನಗೆ ನಿಲ್ಲಲಿಲ್ಲ. ಮೈಸೂರಿನ ಒಂದು ಆಸ್ಪತ್ರೆಗೆ ಹೋದೆ. ಡಾಕ್ಟರು ಯೂರೋಡೈನಮಿಕ್ಸ್ ಅಂತ ಪರೀಕ್ಷೆ ಬರೆದರು. ಚೀಟಿ ನೋಡಿ ನನಗೆ ಒಳಗೊಳಗೇ ನಗು. ಇಲಿಗೆ ಮಾಡಿದ್ದನ್ನೇ ಈಗ ನನಗೆ ಮಾಡುತ್ತಾರೆ. ಮೂತ್ರಕೋಶಕ್ಕೆ ಸಣ್ಣ ಕೊಳವೆ, ಹಿಂದುಗಡೆ ಇನ್ನೊಂದು. ಆ ಎರಡನೆಯದು ಹೊಟ್ಟೆಯ ಒತ್ತಡ ಅಳೆದು ಲೆಕ್ಕದಿಂದ ಕಳೆಯಲಿಕ್ಕೆ. ನಾನು ಗಡಿಯಾರ ನೋಡಿ 'ಎದ್ದು ನಿಂತಿತು' ಅಂತ ಬರೆಯುತ್ತಿದ್ದೆನಲ್ಲ, ಅದೇ ಕೆಲಸವನ್ನು ಇಲ್ಲಿ ಆ ಕೊಳವೆ ಮಾಡುತ್ತದೆ. ಉಪ್ಪುನೀರು ಬಿಡುತ್ತಾ ಹೋಗುತ್ತಾರೆ. ಕೆಮ್ಮಿ ಅನ್ನುತ್ತಾರೆ. ಮೊದಲು ಯಾವಾಗ ಅನಿಸಿತು, ಯಾವಾಗ ತಡೆಯಲಾಗಲಿಲ್ಲ ಅಂತ ಕೇಳುತ್ತಾರೆ. ಆಮೇಲೆ ಕುರ್ಚಿಯಂಥದರ ಮೇಲೆ ಕೂತು ಕೊಳವೆ ಸಮೇತ ಹೊಯ್ಯಬೇಕು.

ತುಂಬುವ ತನಕ ಎಲ್ಲ ಸರಿಯಾಯಿತು. ಹೊಯ್ಯಿರಿ ಅಂದಾಗ ಆಗಲಿಲ್ಲ. ಕೋಣೆಯಲ್ಲಿ ನಾಲ್ಕು ಜನ. ಇಬ್ಬರು ಕಲಿಯಲು ಬಂದ ಹುಡುಗರು. ಬಾಗಿಲು ಅರ್ಧ ತೆರೆದಿತ್ತು. ಯಾರೋ ಒಳಗೆ ಬಂದು ಫೈಲು ಹುಡುಕಿ ಹೋದರು. ಹೊಟ್ಟೆ ಸಿಡಿಯುವ ಹಾಗಿದೆ, ಒಂದು ಹನಿ ಬರುವುದಿಲ್ಲ. ಅಲ್ಲಿದ್ದ ಹುಡುಗಿ, 'ಆಂಟಿ, ಟೆನ್ಷನ್ ಮಾಡ್ಕೋಬೇಡಿ' ಅಂದಳು. ಹಾಗಂದರೆ ಯಾರಿಗಾದರೂ ಟೆನ್ಷನ್ ಹೋದದ್ದುಂಟೇ? ಕೊನೆಗೆ ಆಕೆ ಕಂಪ್ಯೂಟರಿನಲ್ಲಿ ಏನೋ ಬರೆಯತೊಡಗಿದಳು. ನನಗೆ ಇಂಗ್ಲಿಷ್ ಅಷ್ಟು ಬರುತ್ತದೆ. ಮೂತ್ರಕೋಶ ಹಿಂಡುತ್ತಿಲ್ಲ ಅಂತ ಬರೆಯುತ್ತಿದ್ದಳು.

ಆಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. 'ಅಮ್ಮಾ, ಅದನ್ನು ಬರೆಯಬೇಡ. ಎಲ್ಲರೂ ಹೊರಗೆ ಹೋಗಿ. ಬಾಗಿಲು ಹಾಕಿ. ಆ ನಲ್ಲಿ ಸಣ್ಣಗೆ ಬಿಟ್ಟು ಹೋಗಿ. ಹತ್ತು ನಿಮಿಷ ಯಾರೂ ಬರಬೇಡಿ' ಅಂದೆ. ನಾನು ಇಂಥದೇ ಕೋಣೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು ಅಂತಲೂ ಹೇಳಿದೆ. ಇಲಿಯ ಕೋಣೆ ಅಂತ ಹೇಳಲಿಲ್ಲ. ಹೋದರು. ಎರಡು ನಿಮಿಷಕ್ಕೆ ಗೆರೆ ಬೆಟ್ಟದ ಹಾಗೆ ಎದ್ದಿತು. ರಿಪೋರ್ಟ್ ಬೇರೆಯೇ ಬಂತು, ಮಾತ್ರೆಯೂ ಬೇರೆಯೇ ಆಯಿತು. ಮೂತ್ರಕೋಶ ಹಿಂಡದು ಅಂತಲೇ ಬರೆದಿದ್ದರೆ ಮನೆಗೆ ಬರುವಾಗ ನನ್ನ ಕೈಗೆ ಉಚ್ಚೆ ತೆಗೆಯುವ ಕೊಳವೆ ಕೊಟ್ಟು ಕಳಿಸುತ್ತಿದ್ದರೇನೋ. ಒಂದು ಇಲಿಗೆ ನಾವು ಕೊಡುತ್ತಿದ್ದ ಮರ್ಯಾದೆ, ಬಾಗಿಲ ಮೇಲಿನ ಒಂದು ಚೀಟಿ, ಅಲ್ಲಿ ಒಬ್ಬ ಹೆಂಗಸಿಗೆ ಇರಲಿಲ್ಲ. ದುಡ್ಡು ದಂಡ ಅಂತ ಬರೆದವರು ಇದಕ್ಕೊಂದು ಲೆಕ್ಕ ಹಾಕಲಿ.

ನನ್ನ ತಾಯಿಯದು ಬೇರೆ ತೊಂದರೆ. ಇಪ್ಪತ್ತೈದು ವರ್ಷದ ಸಕ್ಕರೆ ಕಾಯಿಲೆ. ಕೊನೆಕೊನೆಗೆ ಚೀಲ ತುಂಬಿದ್ದೇ ಅವರಿಗೆ ತಿಳಿಯುತ್ತಿರಲಿಲ್ಲ. ಸೀರೆ ಒದ್ದೆಯಾದಾಗ ಗೊತ್ತಾಗುತ್ತಿತ್ತು. ವಯಸ್ಸಾಯಿತು ಅಂತ ಮನೆಯವರೆಲ್ಲ ಸುಮ್ಮನಿದ್ದರು, ಅವರೂ ನಾಚಿ ಸುಮ್ಮನಿದ್ದರು. ನಾನೇ ಹಟ ಮಾಡಿ ಸ್ಕ್ಯಾನ್ ಮಾಡಿಸಿದೆ. ಹೋಗಿ ಬಂದ ಮೇಲೂ ಅರ್ಧಕ್ಕಿಂತ ಜಾಸ್ತಿ ಒಳಗೇ ಉಳಿದಿತ್ತು. ಡಾಕ್ಟರು ಹೇಳಿದ್ದು ಮಾತ್ರೆಗಿಂತ ಮೊದಲು ಗಡಿಯಾರ. ಅನಿಸಲಿ ಬಿಡಲಿ, ಮೂರು ಗಂಟೆಗೊಮ್ಮೆ ಹೋಗಬೇಕು. ಪಡಸಾಲೆಯ ಗಡಿಯಾರವನ್ನು ತಂದು ಅವರ ಮಂಚದ ಎದುರಿಗೆ ಹಾಕಿದೆವು. 2020ರಲ್ಲಿ ಅಮೆರಿಕದಿಂದ ಒಂದು ಸಂಶೋಧನೆ ಬಂದದ್ದನ್ನು ನಮ್ಮ ಮೇಡಂ ಫೋನಿನಲ್ಲಿ ಹೇಳಿದರು. ಮೂತ್ರಕೋಶ ಹಿಗ್ಗಿದ್ದನ್ನು ಅರಿಯುವುದಕ್ಕೆ ಪೀಜೋ2 ಅನ್ನುವ ಒಂದು ಪ್ರೋಟೀನು ಬೇಕಂತೆ. ಅದಿಲ್ಲದ ಇಲಿಗಳಿಗೆ ಚೀಲ ತುಂಬಿದ ಸುದ್ದಿ ಸರಿಯಾಗಿ ಹೋಗುವುದಿಲ್ಲ. ಹುಟ್ಟಿನಿಂದ ಅದಿಲ್ಲದ ಕೆಲವು ಮನುಷ್ಯರನ್ನೂ ವಿಚಾರಿಸಿದರಂತೆ, ಅವರಲ್ಲೂ ಹಲವರು ಹೊತ್ತು ನೋಡಿಕೊಂಡೇ ಹೋಗುವವರು. ಪೀಜೋ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಂ ಪಟಪೌಟಿಯನ್ ಅವರಿಗೆ ಮರುವರ್ಷ ನೊಬೆಲ್ ಬಂತು. ಅಮ್ಮನದು ಪೀಜೋ ತೊಂದರೆ ಅಲ್ಲ, ಸಕ್ಕರೆಯಿಂದ ನರ ಸೊರಗಿದ್ದು. ಆದರೂ 'ನಿನ್ನ ಹಾಗೆ ಗಡಿಯಾರ ನೋಡಿ ಹೋಗುವವರು ಅಮೆರಿಕದಲ್ಲೂ ಇದ್ದಾರಂತೆ' ಅಂದಾಗ ಅವರಿಗೆ ಎಂಥದೋ ಸಮಾಧಾನ ಆಯಿತು. ಬಂದವರಿಗೆಲ್ಲ ಹೇಳಿದರು. ಅಲ್ಲಿಯವರೆಗೆ ಆ ವಿಷಯ ಮಗಳ ಹತ್ತಿರವೂ ಬಾಯಿಬಿಟ್ಟು ಹೇಳದವರು.

ಇನ್ನು ತೋಟದ ಮಾತು. ಜನವರಿಯಿಂದ ರೋಬಸ್ಟಾ ಕೊಯ್ಲು. ಹೆಂಗಸರು ಬೆಳಿಗ್ಗೆ ಎಂಟಕ್ಕೆ ಬಂದರೆ ಹೋಗುವುದು ಸಂಜೆ. ಕಿಲೋ ಲೆಕ್ಕದ ಕೂಲಿ, ಕೈ ನಿಲ್ಲಿಸುವ ಹಾಗಿಲ್ಲ. ಅವರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ ಅಂತ ನನಗೆ ಗೊತ್ತಾದದ್ದು ನಾನೇ ಅವರ ಜೊತೆ ಕೊಯ್ಯಲು ನಿಂತಾಗ. ಕುಡಿದರೆ ಹೋಗಬೇಕಾಗುತ್ತದೆ, ಹೋಗುವುದೆಲ್ಲಿ? ಗಿಡದ ಮರೆಗೆ ಹೋದರೆ ಆ ಸಾಲಿನಲ್ಲಿ ಗಂಡಾಳು. ಇನ್ನೂ ಒಳಗೆ ಹೋಗಲು ಆನೆಯ ಹೆದರಿಕೆ. ಉರಿಮೂತ್ರ ಅಂತ ವರ್ಷಕ್ಕೆರಡು ಸಲ ಮಾತ್ರೆ ನುಂಗದವಳು ಅವರಲ್ಲಿ ಒಬ್ಬಳೂ ಇರಲಿಲ್ಲ. 1951ರ ಪ್ಲಾಂಟೇಷನ್ ಕಾಯ್ದೆಯಲ್ಲೇ ಕಕ್ಕಸಿನ ಮಾತು ಇತ್ತು. ಅದು ದೊಡ್ಡ ತೋಟಗಳಿಗೆ. ನನ್ನಂಥ ನಾಲ್ಕು ಎಕರೆಯವರಿಗೆ ತಗುಲುತ್ತಿರಲಿಲ್ಲ.

ನಾನು ಒಂದು ಕಕ್ಕಸು ಕಟ್ಟಿಸಿದೆ. ಕಣದ ಪಕ್ಕ, ಚೀಲ ತೂಕ ಹಾಕುವ ಜಾಗಕ್ಕೆ ಹತ್ತಿರ. ಅಲ್ಲಿ ನೀರಿನ ಪೈಪು ಇತ್ತು ಅಂತ. ಇಡೀ ಕೊಯ್ಲಿನಲ್ಲಿ ಒಬ್ಬಳೂ ಹೋಗಲಿಲ್ಲ. ಯಜಮಾನರು, 'ನೋಡು, ಅವರಿಗೆ ಬೇಕಾಗೇ ಇಲ್ಲ' ಅಂದರು. ನಾನೂ ಒಂದು ವಾರ ಹಾಗೇ ಅಂದುಕೊಂಡೆ. ಆಮೇಲೆ ನನಗೇ ನಾಚಿಕೆಯಾಯಿತು. ನಡುಮಧ್ಯೆ ಹೊಯ್ಯದ ಇಲಿಯನ್ನು ಹನ್ನೊಂದು ವರ್ಷ ನೋಡಿದವಳು ನಾನು. ಪೇಪರ್ ಖಾಲಿ ಇದ್ದರೆ ಇಲಿಗೆ ಉಚ್ಚೆಯೇ ಬರಲಿಲ್ಲ ಅಂತ ಮೇಡಂ ಒಂದು ದಿನವೂ ಬರೆದವರಲ್ಲ. ಕೋಣೆಯಲ್ಲಿ ಏನು ಸದ್ದಾಯಿತು, ಯಾರು ಬಂದರು ಅಂತ ಮೊದಲು ಕೇಳುತ್ತಿದ್ದರು. ತೂಕದ ಜಾಗದಲ್ಲಿ ಯಾವಾಗಲೂ ಮೂರು ನಾಲ್ಕು ಗಂಡಸರು, ಅವರೆದುರು ಬಾಗಿಲು ತೆಗೆದು ಒಳಗೆ ಹೋಗಬೇಕು. ಮರುವರ್ಷ ಪೈಪು ಎಳೆಸಿ, ಹಲಸಿನ ಮರದ ಹಿಂದೆ, ಬೇಲಿಯ ಮೂಲೆಗೆ ಇನ್ನೊಂದು ಕಟ್ಟಿಸಿದೆ. ಖರ್ಚು ಜಾಸ್ತಿಯಾಯಿತು, ಮನೆಯಲ್ಲಿ ಮಾತೂ ಆಯಿತು. ಮೊದಲ ದಿನವೇ ಬಾಗಿಲಿನ ಮುಂದೆ ಮೂರು ಜೊತೆ ಚಪ್ಪಲಿ. ಈಗ ಮಧ್ಯಾಹ್ನದ ಹೊತ್ತಿಗೆ ನಾನಿಟ್ಟ ನೀರಿನ ಕೊಡ ಖಾಲಿಯಾಗಿರುತ್ತದೆ. ಕಣದ ಪಕ್ಕದ್ದರಲ್ಲಿ ಗುದ್ದಲಿ, ಗೊಬ್ಬರದ ಚೀಲ ಇಟ್ಟಿದ್ದೇವೆ. ಅಕ್ಕಪಕ್ಕದ ಸಣ್ಣ ಬೆಳೆಗಾರರು ಬಂದು ನೋಡಬಹುದು. ಮೂಲೆಯದನ್ನು ನೋಡಿ, ಗೊಬ್ಬರದ್ದನ್ನಲ್ಲ.

ಇಲಿಗೆ ಹಿಂಸೆ ಅಲ್ವಾ ಅಂತ ಕೇಳಬಹುದು. ಕೇಳಬೇಕು ಕೂಡ. ಕೊಳವೆ ಹಾಕಿದ ಇಲಿಗೆ ನೋವಿದೆ, ಒಂಟಿತನ ಇದೆ, ಪ್ರಯೋಗ ಮುಗಿದ ಮೇಲೆ ಸಾವೂ ಇದೆ. ಇದನ್ನು ಮುಚ್ಚಿಟ್ಟು ಮಾತಾಡುವವಳಲ್ಲ ನಾನು. ನಾನು ಸೇರಿದ ಹೊಸದರಲ್ಲಿ ಕೇಳುವವರು ಕಡಿಮೆ ಇದ್ದರು. ಪ್ರಾಣಿ ಪ್ರಯೋಗದ 1998ರ ನಿಯಮಗಳು ಬಂದ ಮೇಲೆ ಪ್ರತಿ ಪ್ರಯೋಗಕ್ಕೂ ಫಾರಂ ಬಿ ತುಂಬಿ, ಎಷ್ಟು ಇಲಿ, ಯಾಕೆ ಅಷ್ಟು, ನೋವಿಗೆ ಏನು ಕೊಡುತ್ತೀರಿ ಅಂತ ಸಂಸ್ಥೆಯ ಎಥಿಕ್ಸ್ ಕಮಿಟಿಗೆ ಉತ್ತರ ಕೊಡಬೇಕಾಯಿತು. ಆ ಕಮಿಟಿಯಲ್ಲಿ ಹೊರಗಿನವರೂ, ವಿಜ್ಞಾನಿ ಅಲ್ಲದವರೊಬ್ಬರೂ ಇರಬೇಕು ಅಂತ ನಿಯಮ. ನಮ್ಮಲ್ಲಿ ಬರುತ್ತಿದ್ದ ಅಂಥ ಒಬ್ಬರು ಒಂದು ಸಲ, 'ಪೇಪರಿನಲ್ಲೇ ತಿಳಿಯುವುದಕ್ಕೆ ಕೊಳವೆ ಯಾಕೆ?' ಅಂತ ಕೇಳಿದರು. ಅವತ್ತು ಮೂವತ್ತು ಇಲಿಯ ಪ್ರಯೋಗ ಹನ್ನೆರಡಕ್ಕೆ ಇಳಿಯಿತು. ಪತ್ರ ಬರೆದವರಿಗೆ ಇಂಥ ಪ್ರಶ್ನೆ ಕೇಳುವ ಆಸೆ ಇದ್ದರೆ ಆ ಕುರ್ಚಿ ಅವರಿಗೆ ಸರಿ. ನಾನು ಹಂಗಿಸಲು ಹೇಳುತ್ತಿಲ್ಲ.

ಅವರು ನಮ್ಮ ಕಡೆ ಬಂದರೆ ಒಂದು ವಸ್ತು ತೋರಿಸುತ್ತೇನೆ. ರಿಟೈರ್ ಆದ ದಿನ ಕೋಣೆಯ ಹುಡುಗರು ನನಗೊಂದು ಯುವಿ ಟಾರ್ಚ್ ಕೊಟ್ಟರು. ಅಂಗಡಿಯಲ್ಲಿ ನೋಟು ನೋಡುತ್ತಾರಲ್ಲ, ಅಂಥದ್ದೇ. ಹೋದ ತಿಂಗಳು ಕರೆಂಟು ಹೋಗಿದ್ದ ರಾತ್ರಿ ಅದನ್ನು ಹಿಡಿದು ಕಾಫಿ ದಾಸ್ತಾನಿನ ಕೋಣೆಗೆ ಹೋದೆ. ಗೋಡೆಯ ಬುಡದುದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ಹೊಳೆಯಿತು. ಕಿಟಕಿಯ ಹತ್ತಿರ ಶುರುವಾಗಿ, ಎರಡನೇ ಸಾಲಿನ ಮೂಟೆಗಳ ಹಿಂದೆ ಹೋಗಿ, ಒಂದು ತೂತಿನಲ್ಲಿ ಮುಗಿಯಿತು. ತೂತು ಎಲ್ಲಿದೆ ಅಂತ ಯಜಮಾನರು ಎರಡು ವರ್ಷದಿಂದ ಹುಡುಕುತ್ತಿದ್ದರು. ಮಾರನೇ ದಿನ ಸಿಮೆಂಟ್ ಹಾಕಿ ಮುಚ್ಚಿದರು. ಇದು ದಂಡದ ಕೆಲಸ ಅಂತ ಅವತ್ತು ಅನ್ನಲಿಲ್ಲ.

ಹೆಸರು ಹಾಕಬೇಡಿ ಅಂತ ವಿನಂತಿ. ಸಂತೆಗೆ ಹೋದಾಗ ಉಚ್ಚೆ ಅಕ್ಕ ಅಂತ ಕರೆದಾರು.

ಇಂತಿ,
ಒಬ್ಬ ನಿವೃತ್ತ ಅನಿಮಲ್ ಹೌಸ್ ಸಹಾಯಕಿ
ಶನಿವಾರಸಂತೆ, ಕೊಡಗು